ಒಂದು ಹನಿ ರಕ್ತ, ಒಂದು ಮಗುವಿನ ಬುದ್ಧಿ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)





ಈ ಸಭೆಯಲ್ಲಿ ನಿವೃತ್ತ ಶಿಕ್ಷಕರನ್ನು ಕರೆದು ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿಸುವುದು ವಾಡಿಕೆ. ನಾವೂ ಹಿಂದೆ ಎರಡು ಸಲ ಅದನ್ನೇ ಮಾಡಿದ್ದೇವೆ. ಈ ಸಲ ಅಧ್ಯಕ್ಷರನ್ನು ಕೇಳಿಕೊಂಡು ಬೇರೆ ವಿಷಯ ಆರಿಸಿಕೊಂಡಿದ್ದೇವೆ. ಮಕ್ಕಳಿಗೆ ಪುಸ್ತಕ, ಫೀಸು, ಹಾಸ್ಟೆಲು ಎಲ್ಲವನ್ನೂ ನೀವು ಕೊಡುತ್ತೀರಿ. ಆದರೆ ಓದಬೇಕಾದ ಮೆದುಳೇ ಹುಟ್ಟಿದ ಮೊದಲ ವಾರಗಳಲ್ಲಿ ಪೆಟ್ಟು ತಿಂದರೆ ಆಮೇಲೆ ಯಾವ ವಿದ್ಯಾರ್ಥಿವೇತನವೂ ಅದನ್ನು ಪೂರ್ತಿಯಾಗಿ ತುಂಬಿಕೊಡಲಾರದು. ಅಂಥ ಪೆಟ್ಟು ಕೊಡುವ ಒಂದು ಕಾಯಿಲೆಯ ಬಗ್ಗೆ ಇಂದು ಮಾತನಾಡುತ್ತೇವೆ. ಅದರ ಹೆಸರು ಜನ್ಮಜಾತ ಹೈಪರ್‌ಇನ್ಸುಲಿನಿಸಂ. ಹೆಸರು ಉದ್ದವಾಗಿದೆ, ವಿಷಯ ಅಷ್ಟು ಕಷ್ಟದ್ದಲ್ಲ.

ಇದು ನಮ್ಮ ಮನೆಯ ಮಾತೂ ಹೌದು. ಮಕ್ಕಳ ತಂದೆ ತಾಯಿ ಒಪ್ಪಿದ ಮೇಲೆಯೇ ಹೇಳುತ್ತಿದ್ದೇವೆ.

ನಮ್ಮ ತಂಗಿಯ ಮಗಳನ್ನು ನಮ್ಮ ತಮ್ಮನ ಮಗನಿಗೆ ಕೊಟ್ಟು ಮದುವೆ ಮಾಡಿದೆವು. ಮಾತುಕತೆ ನಡೆಸಿದವರು ನಾವೇ, ಮನೆಯ ಹಿರಿಯರು. ಹದಿಮೂರು ವರ್ಷದ ಹಿಂದೆ ಅವರಿಗೆ ಹೆಣ್ಣು ಮಗು ಹುಟ್ಟಿತು. ತುಂಬ ಶಾಂತ ಮಗು. ಅಳುವುದೇ ಕಡಿಮೆ, ಹಾಲಿಗೂ ಎಬ್ಬಿಸಬೇಕು, ಎರಡು ಗುಟುಕು ಕುಡಿದು ಮತ್ತೆ ನಿದ್ದೆ. ತಾಯಿಗೆ ಸಮಾಧಾನವಿರಲಿಲ್ಲ. ‘ಇವಳು ಹೀಗೇಕೆ ಮಲಗುತ್ತಾಳೆ’ ಎಂದು ದಿನವೂ ಕೇಳುತ್ತಿದ್ದಳು. ನಾವು ಹಿರಿಯರು ನಕ್ಕುಬಿಟ್ಟೆವು. ‘ಅಳದ ಮಗು ಅದೃಷ್ಟದ ಮಗು, ನಿನಗೆ ರಾತ್ರಿ ನಿದ್ದೆಯಾದರೂ ಸಿಗುತ್ತದೆ’ ಎಂದೆವು. ನಮ್ಮಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರೂ ಇದ್ದೆವು, ನೆನಪಿರಲಿ.

ಐದನೆಯ ತಿಂಗಳಲ್ಲಿ ಕೈಕಾಲು ಅದುರಲು ಶುರುವಾಯಿತು. ಮಕ್ಕಳು ಬೆಚ್ಚಿಬೀಳುವುದು ಸಹಜ ಎಂದರು. ಆರನೆಯ ತಿಂಗಳಲ್ಲಿ ಫಿಟ್ಸ್ ಬಂತು. ಫಿಟ್ಸ್‌ಗೆ ಔಷಧ ಕೊಟ್ಟರು, ನಿಲ್ಲಲಿಲ್ಲ. ಔಷಧ ಬದಲಿಸಿದರು, ಆಗಲೂ ನಿಲ್ಲಲಿಲ್ಲ. ದೃಷ್ಟಿ ತೆಗೆಸಿದ್ದಾಯಿತು, ದುಆ ಮಾಡಿಸಿದ್ದಾಯಿತು. ಎಂಟನೆಯ ತಿಂಗಳಲ್ಲಿ ಪಟ್ಟಣದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ, ಮಗುವಿಗೆ ಫಿಟ್ಸ್ ಬರುತ್ತಿದ್ದ ಹೊತ್ತಿನಲ್ಲೇ ಯುವ ವೈದ್ಯೆಯೊಬ್ಬರು ಅದರ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರಿಗೆ ಹಾಕಿದರು. ಸಕ್ಕರೆ 28 ತೋರಿಸಿತು. ಎಂಟು ತಿಂಗಳಲ್ಲಿ ಆ ಒಂದು ಹನಿ ರಕ್ತವನ್ನು ಅದಕ್ಕೆ ಮೊದಲು ಯಾರೂ ತೆಗೆದಿರಲಿಲ್ಲ.

ಈಗ ಈ ಕಾಯಿಲೆ ಏನೆಂದು ಶಾಲೆಯ ಪಾಠದಂತೆ ಹೇಳುತ್ತೇವೆ.

ಸಕ್ಕರೆ ಕಾಯಿಲೆ ನಮ್ಮೆಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಇನ್ಸುಲಿನ್ ಸಾಲದು, ಇಲ್ಲವೇ ಇರುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದು. ಹಾಗಾಗಿ ರಕ್ತದಲ್ಲಿ ಸಕ್ಕರೆ ಏರುತ್ತದೆ. ಈ ಕಾಯಿಲೆ ಅದಕ್ಕೆ ತಿರುವುಮುರುವು. ಹೊಟ್ಟೆಯ ಹಿಂದೆ ಇರುವ ಮೇದೋಜ್ಜೀರಕ ಗ್ರಂಥಿಯಲ್ಲಿ ಬೀಟಾ ಜೀವಕೋಶಗಳಿವೆ. ನಾವು ಉಂಡಾಗ ರಕ್ತದ ಸಕ್ಕರೆ ಏರುತ್ತದೆ, ಅವು ಇನ್ಸುಲಿನ್ ಬಿಡುತ್ತವೆ. ಹೊಟ್ಟೆ ಖಾಲಿಯಾದಾಗ ಬಿಡುವುದನ್ನು ನಿಲ್ಲಿಸುತ್ತವೆ. ಈ ನಿಲ್ಲಿಸುವ ಕೆಲಸಕ್ಕೆ ಜೀವಕೋಶದ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಇದೆ. ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲು ಅದು. ಸಕ್ಕರೆ ಕಡಿಮೆ ಇದ್ದಾಗ ಬಾಗಿಲು ತೆರೆದಿರುತ್ತದೆ, ಇನ್ಸುಲಿನ್ ಹೊರಬರುವುದಿಲ್ಲ. ಸಕ್ಕರೆ ಹೆಚ್ಚಾದಾಗ ಬಾಗಿಲು ಮುಚ್ಚುತ್ತದೆ, ಆಗ ಕ್ಯಾಲ್ಸಿಯಂ ಒಳನುಗ್ಗಿ ಇನ್ಸುಲಿನ್ ಹೊರಬರುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಬಾಗಿಲು ಮುಚ್ಚಿಕೊಂಡೇ ಇರುತ್ತದೆ, ಅಥವಾ ಅದನ್ನು ನಡೆಸುವ ಒಳಗಿನ ಏರ್ಪಾಡು ಕೆಟ್ಟಿರುತ್ತದೆ. ಸಕ್ಕರೆ ಎಷ್ಟೇ ಇಳಿದರೂ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ.

ಸಕ್ಕರೆ ಇಳಿದರೆ ಏನಾಯಿತು, ದೇಹ ಕೊಬ್ಬನ್ನು ಕರಗಿಸಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಾವು ಉಪವಾಸವಿದ್ದಾಗ ಕೊಬ್ಬು ಕರಗಿ ಕೀಟೋನ್ ಎಂಬ ಇನ್ನೊಂದು ಇಂಧನ ತಯಾರಾಗುತ್ತದೆ. ಮೆದುಳು ಅದನ್ನು ಬಳಸಿಕೊಂಡು ಕಾಲ ತಳ್ಳುತ್ತದೆ. ಆದರೆ ಇನ್ಸುಲಿನ್ ಹೆಚ್ಚಿದ್ದರೆ ಅದು ಕೊಬ್ಬು ಕರಗುವುದನ್ನೂ ತಡೆಯುತ್ತದೆ. ಅತ್ತ ಸಕ್ಕರೆಯೂ ಇಲ್ಲ, ಇತ್ತ ಕೀಟೋನೂ ಇಲ್ಲ. ಒಲೆಯಲ್ಲಿ ಗ್ಯಾಸೂ ಮುಗಿದು ಸೌದೆಯೂ ಇಲ್ಲದ ಮನೆಯ ಹಾಗೆ. ಬೆಳೆಯುತ್ತಿರುವ ಮೆದುಳು ಹಸಿವಿನಿಂದ ಸಾಯತೊಡಗುತ್ತದೆ. ಆದ್ದರಿಂದಲೇ ಈ ಕಾಯಿಲೆಯ ಮಕ್ಕಳಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಕಲಿಕೆ, ಮಾತು, ನಡಿಗೆ ಇವುಗಳಲ್ಲಿ ಒಂದಲ್ಲ ಒಂದು ತೊಂದರೆ ಉಳಿಯುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ.

ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಕೆನಡಾದ ಟೊರೊಂಟೊದಲ್ಲಿ. ಅದರ ಕೊರತೆಯ ಬಗ್ಗೆ ಜಗತ್ತು ಬೇಗ ಕಲಿತುಕೊಂಡಿತು. ಮಕ್ಕಳಲ್ಲಿ ಅದು ಅತಿಯಾಗುವುದರ ಬಗ್ಗೆ ಕಲಿಯಲು ತಡವಾಯಿತು. 1954ರಲ್ಲಿ ಅಮೆರಿಕದ ಮಿನೆಸೋಟದ ಮಕ್ಕಳ ವೈದ್ಯ ಇರ್ವಿನ್ ಮೆಕ್‌ಕ್ವಾರಿ, ಕಾರಣ ತಿಳಿಯದೆ ಮತ್ತೆ ಮತ್ತೆ ಸಕ್ಕರೆ ಇಳಿಯುವ ಶಿಶುಗಳ ಬಗ್ಗೆ ವಿವರವಾಗಿ ಬರೆದರು. ಆಗ ಅಂಥ ಮಕ್ಕಳಿಗೆ ಮಾಡಬಹುದಾದದ್ದು ಕಡಿಮೆ. ಗ್ರಂಥಿಯನ್ನೇ ಕತ್ತರಿಸಿ ತೆಗೆಯುವುದು ಒಂದು ದಾರಿಯಾಗಿತ್ತು.

ಮೊದಲ ಒಳ್ಳೆಯ ಔಷಧ ಸಿಕ್ಕಿದ್ದು ಆಕಸ್ಮಿಕವಾಗಿ. ಡಯಾಝೋಕ್ಸೈಡ್ ಎಂಬುದು ರಕ್ತದೊತ್ತಡಕ್ಕೆಂದು ತಯಾರಾದ ಔಷಧ. ಅದನ್ನು ತೆಗೆದುಕೊಂಡವರಲ್ಲಿ ಸಕ್ಕರೆ ಏರುತ್ತಿತ್ತು. ರಕ್ತದೊತ್ತಡದ ರೋಗಿಗೆ ಅದು ಅಡ್ಡಪರಿಣಾಮ. ಸಕ್ಕರೆ ಇಳಿದು ಸಾಯುತ್ತಿರುವ ಶಿಶುವಿಗೆ ಅದೇ ಬೇಕಾದದ್ದು! 1964ರಲ್ಲಿ ಅದನ್ನು ಮಕ್ಕಳಿಗೆ ಕೊಟ್ಟು ನೋಡಿದರು, ಫಲ ಕೊಟ್ಟಿತು. ಅದು ಆ ಮುಚ್ಚಿದ ಬಾಗಿಲನ್ನೇ ತೆರೆಯುತ್ತದೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅರುವತ್ತು ವರ್ಷ ಕಳೆದರೂ ಮೊದಲು ಕೊಡುವ ಔಷಧ ಇಂದಿಗೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಅಗತ್ಯ ಔಷಧಗಳ ಪಟ್ಟಿಯಲ್ಲೂ ಅದಕ್ಕೆ ಸ್ಥಾನವಿದೆ.

1976ರಲ್ಲಿ ಫಿಲಡೆಲ್ಫಿಯಾದ ಚಾರ್ಲ್ಸ್ ಸ್ಟ್ಯಾನ್ಲಿ ಮತ್ತು ಲೆಸ್ಟರ್ ಬೇಕರ್ ಇನ್ನೊಂದು ದೊಡ್ಡ ತಿಳಿವಳಿಕೆ ಕೊಟ್ಟರು. ಇನ್ಸುಲಿನ್ ಬಹಳ ಹೆಚ್ಚಿರಬೇಕೆಂದು ಹುಡುಕುತ್ತ ಕೂರಬೇಡಿ, ಸಕ್ಕರೆ ಕುಸಿದಾಗ ದೇಹ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಎಂಬುದು ಅದರ ತಿರುಳು. ಸಕ್ಕರೆ ಕುಸಿದ ಆ ಹೊತ್ತಿನಲ್ಲಿ ಇನ್ಸುಲಿನ್ ಇರಲೇಬಾರದು, ಕೀಟೋನ್ ಏರಿರಬೇಕು. ಅದು ತಲೆಕೆಳಗಾಗಿದ್ದರೆ ರೋಗ ಇದೇ. ಅದಕ್ಕಾಗಿಯೇ ಸಕ್ಕರೆ ಇಳಿದಾಗಲೇ ತೆಗೆದ ರಕ್ತಕ್ಕೆ ಅಷ್ಟು ಬೆಲೆ. ಗ್ಲೂಕೋಸ್ ಕೊಟ್ಟು ಮಗು ಚೇತರಿಸಿಕೊಂಡ ಮೇಲೆ ತೆಗೆದ ರಕ್ತದಲ್ಲಿ ಕಳ್ಳ ಸಿಕ್ಕಿಬೀಳುವುದಿಲ್ಲ.

ನಂತರ ಬಂದದ್ದು ವಂಶವಾಹಿಗಳ ಕಾಲ. 1995ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಪಮೇಲಾ ಥಾಮಸ್ ಮತ್ತು ಸಂಗಡಿಗರು ಆ ಬಾಗಿಲಿನ ಒಂದು ಭಾಗವನ್ನು ತಯಾರಿಸುವ ವಂಶವಾಹಿಯಲ್ಲಿ ದೋಷ ಕಂಡುಹಿಡಿದರು. ಅದರ ಹೆಸರು ಎಬಿಸಿಸಿ-8. ಮರುವರ್ಷ ಬಾಗಿಲಿನ ಇನ್ನೊಂದು ಭಾಗದ ವಂಶವಾಹಿಯೂ ಸಿಕ್ಕಿತು. ಆಮೇಲೆ ಒಂದರ ಹಿಂದೆ ಒಂದರಂತೆ ಹತ್ತಕ್ಕೂ ಹೆಚ್ಚು ವಂಶವಾಹಿಗಳು ಪತ್ತೆಯಾದವು. ಹೊರಗಿನಿಂದ ಒಂದೇ ಕಾಯಿಲೆಯಂತೆ ಕಂಡದ್ದು ಒಳಗೆ ಹಲವು ಕಾಯಿಲೆ ಎಂದು ತಿಳಿಯಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಪ್ಯಾರಿಸ್‌ನ ನೆಕೆರ್ ಮಕ್ಕಳ ಆಸ್ಪತ್ರೆಯ ಕೆಲಸ. ಕೆಲವು ಮಕ್ಕಳಲ್ಲಿ ದೋಷ ಇಡೀ ಗ್ರಂಥಿಯಲ್ಲಿ ಹರಡಿರುತ್ತದೆ. ಇನ್ನು ಕೆಲವರಲ್ಲಿ ಅದು ಒಂದೇ ಚುಕ್ಕೆಯಷ್ಟು ಜಾಗದಲ್ಲಿ, ಎಷ್ಟೋ ಸಲ ಒಂದು ಸೆಂಟಿಮೀಟರಿಗಿಂತ ಚಿಕ್ಕ ಜಾಗದಲ್ಲಿ, ಇರುತ್ತದೆ. ತಂದೆಯಿಂದ ಬಂದ ದೋಷದ ಜೊತೆಗೆ ಗರ್ಭದಲ್ಲಿ ಗ್ರಂಥಿ ಬೆಳೆಯುವಾಗ ಆ ಚುಕ್ಕೆಯಲ್ಲಿ ಮಾತ್ರ ತಾಯಿಯ ಪಾಲಿನ ತುಣುಕು ಕಳೆದುಹೋಗಿರುತ್ತದೆ ಎಂದು 1997ರಲ್ಲಿ ಅವರು ತೋರಿಸಿದರು. ಡಯಾಝೋಕ್ಸೈಡ್‌ಗೆ ಬಗ್ಗದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಚುಕ್ಕೆಯ ಬಗೆಯವರು. ಆ ಚುಕ್ಕೆಯನ್ನಷ್ಟೇ ತೆಗೆದರೆ ಮಗು ಪೂರ್ತಿ ಗುಣವಾಗುತ್ತದೆ. ಔಷಧವೂ ಬೇಡ, ಸಕ್ಕರೆ ಕಾಯಿಲೆಯೂ ಬರುವುದಿಲ್ಲ.

ಆದರೆ ಚುಕ್ಕೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಅದು ಕಣ್ಣಿಗೆ ಕಾಣದು, ಸಾಮಾನ್ಯ ಸ್ಕ್ಯಾನಿನಲ್ಲೂ ಕಾಣದು. ಹಿಂದೆ ಶಸ್ತ್ರಚಿಕಿತ್ಸಕರು ಅದು ತಿಳಿಯದೆ ಗ್ರಂಥಿಯ 95 ಭಾಗಕ್ಕೂ ಹೆಚ್ಚು ತೆಗೆದುಬಿಡುತ್ತಿದ್ದರು. ಮಗು ಬದುಕುತ್ತಿತ್ತು, ಮುಂದೆ ಅದಕ್ಕೆ ಸಕ್ಕರೆ ಕಾಯಿಲೆ ಗಂಟುಬೀಳುತ್ತಿತ್ತು. 2005–06ರ ಹೊತ್ತಿಗೆ ಫ್ರಾನ್ಸ್ ಮತ್ತು ಫಿನ್ಲೆಂಡಿನ ವೈದ್ಯರು ದಾರಿ ತೋರಿದರು. ಫ್ಲೋರಿನ್-18 ಎಂಬ ವಿಕಿರಣ ಧಾತು ಸೇರಿಸಿದ ಡೋಪಾ ಎಂಬ ವಸ್ತುವನ್ನು ರಕ್ತಕ್ಕೆ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರೆ ಆ ಚುಕ್ಕೆ ದೀಪದಂತೆ ಹೊಳೆಯುತ್ತದೆ. ಆ ಧಾತುವಿನ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ತಯಾರಿಸುವ ಜಾಗ ಆಸ್ಪತ್ರೆಗೆ ಹತ್ತಿರವೇ ಇರಬೇಕು. ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಲ್ಲೂ ಈ ಸ್ಕ್ಯಾನ್ ಇದೆ. ವಂಶವಾಹಿ ಪರೀಕ್ಷೆಯಲ್ಲಿ ತಂದೆಯ ಕಡೆಯ ದೋಷ ಮಾತ್ರ ಕಂಡರೆ ಆ ಮಗುವಿಗೆ ಈ ಸ್ಕ್ಯಾನ್ ಬೇಕು ಎಂದು ವೈದ್ಯರಿಗೆ ಸುಳಿವು ಸಿಗುತ್ತದೆ. ಪ್ರಯೋಗಾಲಯದ ಒಂದು ಕಾಗದ ಹೀಗೆ ಒಂದು ಮಗುವಿನ ಗ್ರಂಥಿಯನ್ನೇ ಉಳಿಸುತ್ತದೆ.

ದೋಷ ಇಡೀ ಗ್ರಂಥಿಯಲ್ಲಿ ಹರಡಿರುವ ಮಕ್ಕಳ ದಾರಿ ಇಂದಿಗೂ ಕಷ್ಟದ್ದೇ. ಅವರಿಗೆ ಆಕ್ಟ್ರಿಯೊಟೈಡ್ ಎಂಬ ಚುಚ್ಚುಮದ್ದು ಇದೆ, ದೊಡ್ಡ ಮಕ್ಕಳಿಗೆ ತಿಂಗಳಿಗೊಮ್ಮೆ ಕೊಡುವ ಅದೇ ಜಾತಿಯ ಔಷಧವೂ ಇದೆ. 2014ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ವೈದ್ಯರು, ಬೇರೆ ಯಾವ ಔಷಧಕ್ಕೂ ಬಗ್ಗದ 4 ಶಿಶುಗಳಿಗೆ ಸಿರೋಲಿಮಸ್ ಕೊಟ್ಟು ಅವರನ್ನು ಶಸ್ತ್ರಚಿಕಿತ್ಸೆಯಿಂದ ಪಾರು ಮಾಡಿದ ವರದಿ ಬರೆದರು. ಅದು ಅಂಗಾಂಗ ಕಸಿಯಾದವರಿಗೆ ಕೊಡುವ ಔಷಧ. ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುವುದರಿಂದ ಅದನ್ನು ಅಳೆದು ತೂಗಿಯೇ ಕೊಡಬೇಕು. ಇನ್ಸುಲಿನ್ ಬಿಡುಗಡೆಯನ್ನು ತಗ್ಗಿಸುವ, ಅಥವಾ ಬಿಡುಗಡೆಯಾದ ಇನ್ಸುಲಿನ್ನಿನ ಕೆಲಸವನ್ನು ತಡೆಯುವ ಹೊಸ ಔಷಧಗಳ ಪರೀಕ್ಷೆಗಳೂ ನಡೆದಿವೆ. ವರ್ಷಗಳು ಕಳೆದಂತೆ ಎಷ್ಟೋ ಮಕ್ಕಳಲ್ಲಿ ಕಾಯಿಲೆಯ ತೀವ್ರತೆ ತಾನಾಗಿಯೇ ತಗ್ಗುತ್ತದೆ. ಅಲ್ಲಿಯವರೆಗೆ ಮೆದುಳನ್ನು ಕಾಯ್ದುಕೊಂಡರೆ ಅರ್ಧ ಗೆದ್ದಂತೆ.

2022ರ ಒಂದು ಸಂಗತಿಯನ್ನು ವಿಜ್ಞಾನ ಓದುವ ಮಕ್ಕಳಿಗಾಗಿ ಹೇಳಬೇಕು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಲೋಕದ ನಾನಾ ದೇಶಗಳಿಂದ ಬಂದ ಇಂಥ ಮಕ್ಕಳ ರಕ್ತವನ್ನು ಪರೀಕ್ಷಿಸುತ್ತಾರೆ. ಎಲ್ಲ ವಂಶವಾಹಿ ನೋಡಿದರೂ ಕೆಲವು ಮಕ್ಕಳಲ್ಲಿ ಕಾರಣವೇ ಸಿಗುತ್ತಿರಲಿಲ್ಲ. ಕೊನೆಗೆ ಸಿಕ್ಕಿತು. ದೋಷ ವಂಶವಾಹಿಯ ಅಕ್ಷರಗಳಲ್ಲಿ ಇರಲಿಲ್ಲ, ಅದನ್ನು ಆರಿಸಿಡುವ ಸ್ವಿಚ್ಚಿನಲ್ಲಿತ್ತು. ಬೀಟಾ ಜೀವಕೋಶದಲ್ಲಿ ಆರಿರಬೇಕಾದ ಎಚ್‌ಕೆ-1 ಎಂಬ ವಂಶವಾಹಿ ಉರಿಯುತ್ತಲೇ ಇತ್ತು. ಆರಿಸಬೇಕಾದ ದೀಪವನ್ನು ಆರಿಸದೆ ಮಲಗಿದ ಹಾಗೆ. ‘ಕಾರಣ ಗೊತ್ತಿಲ್ಲ’ ಎಂಬ ಉತ್ತರ ಪಡೆದಿದ್ದ ತಾಯಂದಿರಿಗೆ ವರ್ಷಗಳ ನಂತರ ನಿಜವಾದ ಉತ್ತರ ಹೋಯಿತು. ಹಳೆಯ ಮಾದರಿಗಳನ್ನು ಬಿಸಾಡದೆ ಇಟ್ಟುಕೊಂಡವರ ತಾಳ್ಮೆಯ ಫಲ ಇದು.

ಮತ್ತೆ ನಮ್ಮ ಮನೆಗೆ ಬರೋಣ.

ನಮ್ಮ ಹುಡುಗಿಗೆ ಡಯಾಝೋಕ್ಸೈಡ್ ಶುರು ಮಾಡಿದರು. ಸಕ್ಕರೆ ನಿಂತಿತು. ಆದರೆ ಎಂಟು ತಿಂಗಳಲ್ಲಿ ಆದ ಹಾನಿ ಆಗಿಹೋಗಿತ್ತು. ಔಷಧ ಸಕ್ಕರೆಯನ್ನು ಹಿಡಿದಿಡುತ್ತದೆ, ಕಳೆದದ್ದನ್ನು ತಂದುಕೊಡುವುದಿಲ್ಲ. ಈಗ ಅವಳಿಗೆ ಹದಿಮೂರು. ನಿಧಾನವಾಗಿ ಮಾತನಾಡುತ್ತಾಳೆ, ಎರಡನೆಯ ತರಗತಿಯ ಪುಸ್ತಕ ಓದುತ್ತಾಳೆ, ಫಿಟ್ಸ್‌ಗೆ ಇಂದಿಗೂ ಮಾತ್ರೆ ಬೇಕು. ಡಯಾಝೋಕ್ಸೈಡಿನಿಂದ ಮುಖ, ಕೈಗಳ ಮೇಲೆ ಕೂದಲು ದಟ್ಟವಾಗಿ ಬೆಳೆಯುತ್ತದೆ. ಶಾಲೆಯಲ್ಲಿ ಮಕ್ಕಳು ಅದಕ್ಕೆ ಅಡ್ಡಹೆಸರಿಟ್ಟರು. ಒಬ್ಬ ಶಿಕ್ಷಕರು ಅವಳನ್ನು ‘ಮಂದ’ ಎಂದು ತರಗತಿಯಲ್ಲೇ ಕರೆದರು. ಆ ದಿನ ಅವಳ ತಾಯಿ ನಮ್ಮ ಮನೆಗೆ ಬಂದು ಅತ್ತಾಗ ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಅದೇ ಪದವನ್ನು ನಾವೂ ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೇವೆಯೋ, ಅವರಲ್ಲಿ ಎಷ್ಟು ಮಕ್ಕಳ ಹಿಂದೆ ಇಂಥದೊಂದು ಕತೆ ಇತ್ತೋ, ಅಲ್ಲಾಹನೇ ಬಲ್ಲ.

ಆ ವೈದ್ಯೆ ಒತ್ತಾಯ ಮಾಡಿ ಹುಡುಗಿಯ ಮತ್ತು ತಂದೆ ತಾಯಿಯ ವಂಶವಾಹಿ ಪರೀಕ್ಷೆ ಮಾಡಿಸಿದರು. ಎಚ್‌ಎಡಿಎಚ್ ಎಂಬ ವಂಶವಾಹಿಯ ದೋಷ ಸಿಕ್ಕಿತು. ಇದು 2001ರಲ್ಲಿ ಪತ್ತೆಯಾದ ಬಗೆ, ಸಾಮಾನ್ಯವಾಗಿ ಡಯಾಝೋಕ್ಸೈಡ್‌ಗೆ ಬಗ್ಗುತ್ತದೆ. ಇದರಲ್ಲಿ ಇನ್ನೊಂದು ವಿಶೇಷವಿದೆ. ಮಾಂಸ, ಮೊಟ್ಟೆ, ಬೇಳೆಯಂಥ ಪ್ರೋಟೀನ್ ಆಹಾರವನ್ನು ಬರೀ ಹಾಗೇ ತಿಂದರೆ ಇನ್ಸುಲಿನ್ ಉಕ್ಕಿ ಸಕ್ಕರೆ ಇಳಿಯುತ್ತದೆ. ಜೊತೆಗೆ ಅನ್ನವೋ ರೊಟ್ಟಿಯೋ ಇರಲೇಬೇಕು. ಒಂದು ಬಕ್ರೀದ್ ದಿನ ಅವಳು ಬರೀ ಮಾಂಸದ ತುಂಡು ತಿಂದು ಬೆವತು ಕುಸಿದದ್ದು ಏಕೆಂದು ನಮಗೆ ಆಗ ಅರ್ಥವಾಯಿತು.

ಆರು ವರ್ಷದ ನಂತರ ಅದೇ ತಾಯಿಗೆ ಗಂಡು ಮಗು ಹುಟ್ಟಿತು. ಈ ಸಲ ಹೆರಿಗೆಗೆ ಮೊದಲೇ ವೈದ್ಯರಿಗೆ ಎಲ್ಲ ತಿಳಿದಿತ್ತು. ಹುಟ್ಟಿದ ಗಂಟೆಗಳಲ್ಲೇ ಹಿಮ್ಮಡಿಯ ರಕ್ತ ನೋಡಿದರು, ಮತ್ತೆ ಮತ್ತೆ ನೋಡಿದರು. ಎರಡನೆಯ ದಿನ ಸಕ್ಕರೆ ಇಳಿಯಿತು. ಗ್ಲೂಕೋಸ್ ಸಿದ್ಧವಿತ್ತು, ಸಕ್ಕರೆ ಇಳಿದಾಗಿನ ರಕ್ತ ಪ್ರಯೋಗಾಲಯಕ್ಕೆ ಹೋಯಿತು, ಆ ವಾರವೇ ಡಯಾಝೋಕ್ಸೈಡ್ ಶುರುವಾಯಿತು. ಈಗ ಅವನು ಒಂದನೆಯ ತರಗತಿ. ಮಗ್ಗಿ ಹೇಳುತ್ತಾನೆ, ಜಗಳವಾಡುತ್ತಾನೆ, ಅಕ್ಕನಿಗೆ ಕತೆ ಓದಿ ಹೇಳುತ್ತಾನೆ.

ಒಂದೇ ತಂದೆ, ಒಂದೇ ತಾಯಿ, ಒಂದೇ ದೋಷ, ಒಂದೇ ಔಷಧ. ಅಕ್ಕ ತಮ್ಮನ ನಡುವಿನ ವ್ಯತ್ಯಾಸ ಆ ಒಂದು ಹನಿ ರಕ್ತವನ್ನು ಯಾವಾಗ ತೆಗೆದರು ಎಂಬುದು ಮಾತ್ರ. ಇಷ್ಟು ಹೇಳುವುದಕ್ಕೇ ನಾವು ಇಂದು ಇಲ್ಲಿಗೆ ಬಂದದ್ದು.

ಇನ್ನು ಸ್ವಲ್ಪ ಕಹಿ ಮಾತು. ಈ ಕಾಯಿಲೆ ಹೊರಗಿನ ದೇಶಗಳಲ್ಲಿ ಸುಮಾರು 28,000ದಿಂದ 50,000 ಹೆರಿಗೆಗೆ ಒಂದರಂತೆ ಕಾಣುತ್ತದೆ. ರಕ್ತಸಂಬಂಧದ ಮದುವೆ ಹೆಚ್ಚಿರುವ ಕಡೆ 2,500ಕ್ಕೆ ಒಂದರವರೆಗೂ ಹೋಗುತ್ತದೆ. ಸೌದಿ ಅರೇಬಿಯಾದಿಂದ ಇಂಥ ವರದಿ ಬಂದಿದೆ. ಇದು ಒಂದು ಸಮುದಾಯದ ಮಾತೆಂದು ಯಾರೂ ತಿಳಿಯಬಾರದು. ನಮ್ಮ ಕರ್ನಾಟಕದಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವುದು ಎಷ್ಟೋ ಜಾತಿಗಳಲ್ಲಿ ಹಳೆಯ ಪದ್ಧತಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆ ನಡೆಸಿದಾಗ, ಆ ಶಿಶುಗಳ ತಂದೆ ತಾಯಿಯರಲ್ಲಿ ಸುಮಾರು ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧಿಗಳಾಗಿದ್ದರು.

ಲೆಕ್ಕ ಸರಳ. ನಮ್ಮ ಮನೆಯ ಬಗೆಯಲ್ಲಿ ತಂದೆಗೂ ತಾಯಿಗೂ ದೋಷದ ಒಂದೊಂದು ಪ್ರತಿ ಇರುತ್ತದೆ. ಅವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಎರಡೂ ಪ್ರತಿ ಮಗುವಿಗೆ ಬಂದರೆ ಮಾತ್ರ ಕಾಯಿಲೆ. ಪ್ರತಿ ಗರ್ಭದಲ್ಲೂ ಆ ಸಂಭವ ನಾಲ್ಕರಲ್ಲಿ ಒಂದು. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಒಂದೇ ದೋಷ ಇರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು, ಅಷ್ಟೇ. ರಕ್ತಸಂಬಂಧ ಇಲ್ಲದ ದಂಪತಿಗಳಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಆದ್ದರಿಂದ ಸೊಸೆಯ ಕಡೆ ಬೆರಳು ತೋರಿಸುವುದು ಅನ್ಯಾಯ. ಅರ್ಧ ಪಾಲು ನಮ್ಮ ಮಗನದೂ ಇದೆ. ಆದರೆ ಒಂದು ಮಗುವಿಗೆ ಕಾಯಿಲೆ ಇದ್ದ ಮನೆಯಲ್ಲಿ, ಅಥವಾ ಶಿಶುಗಳು ಕಾರಣ ತಿಳಿಯದೆ ತೀರಿಕೊಂಡ ಮನೆಯಲ್ಲಿ, ಮುಂದಿನ ಮದುವೆಗೆ ಮುಂಚೆ, ಮುಂದಿನ ಗರ್ಭಕ್ಕೆ ಮುಂಚೆ ವಂಶವಾಹಿ ತಜ್ಞರ ಸಲಹೆ ಕೇಳುವುದು ನಮ್ಮ ಹಿರಿಯರ ಜವಾಬ್ದಾರಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ಅದಕ್ಕೆ ಏರ್ಪಾಡಿದೆ. ಮುಚ್ಚಿಟ್ಟರೆ ಮಾನ ಉಳಿಯುತ್ತದೆ ಎಂದುಕೊಳ್ಳುತ್ತೇವೆ. ಆ ಮಾನದ ಬೆಲೆ ಕೊಡುವುದು ಮಗು.

ತಾಯಂದಿರು ಮನೆಗೆ ಕೊಂಡೊಯ್ಯಬೇಕಾದ ಮಾತು ಇಷ್ಟು. ಹಸುಗೂಸು ಅತಿಯಾಗಿ ಮಲಗಿದರೆ, ಹಾಲಿಗೆ ಏಳದಿದ್ದರೆ, ಮೈ ಜೋತುಬಿದ್ದರೆ, ನಡುಗಿದರೆ, ತಣ್ಣಗಾದರೆ, ತುಟಿ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ, ಫಿಟ್ಸ್ ಬಂದರೆ, ಆಸ್ಪತ್ರೆಗೆ ಓಡಿ. ಅಲ್ಲಿ ‘ಸಕ್ಕರೆ ನೋಡಿದಿರಾ’ ಎಂದು ಕೇಳಿ. ಕೇಳುವುದು ಅವಿಧೇಯತೆ ಅಲ್ಲ. ಹುಟ್ಟಿದ ಮೊದಲ ಒಂದೆರಡು ದಿನ ಎಷ್ಟೋ ಮಕ್ಕಳಲ್ಲಿ ಸಕ್ಕರೆ ಸ್ವಲ್ಪ ಇಳಿದು ತಾನಾಗಿ ಸರಿಯಾಗುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಹೆರಿಗೆ ಕಷ್ಟವಾಗಿದ್ದರೆ, ಮಗುವಿನ ತೂಕ ತೀರ ಕಡಿಮೆಯಿದ್ದರೆ ಕೆಲವು ದಿನ ಅಥವಾ ವಾರಗಳವರೆಗೂ ಹಾಗಾಗಬಹುದು. ಹೆದರಬೇಕಿಲ್ಲ, ಆದರೆ ಅಳೆಯದೆ ಬಿಡಬಾರದು. ಎರಡು ಮೂರು ದಿನ ಕಳೆದರೂ ಸಕ್ಕರೆ ನಿಲ್ಲದಿದ್ದರೆ ಕಾರಣ ಹುಡುಕಲೇಬೇಕು. ಈ ಕಾಯಿಲೆಯ ಮಕ್ಕಳಲ್ಲಿ ಸಕ್ಕರೆಯನ್ನು 70ರ ಮೇಲೆ ಇರಿಸಲು ವೈದ್ಯರು ಪ್ರಯತ್ನಿಸುತ್ತಾರೆ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕಬೇಡಿ, ಅದು ಉಸಿರಿನ ದಾರಿಗೆ ಹೋಗುತ್ತದೆ. ಔಷಧವನ್ನು ನೀವೇ ನಿಲ್ಲಿಸಬೇಡಿ.

ನಮ್ಮ ಶಿಕ್ಷಕ ಬಂಧುಗಳಿಗೂ ಒಂದು ವಿನಂತಿ. ಇಂಥ ಮಗು ನಿಮ್ಮ ತರಗತಿಯಲ್ಲಿದ್ದರೆ ಅದರ ತಿಂಡಿಯ ವೇಳೆಯನ್ನು ಪಾಠಕ್ಕಾಗಿ, ಪರೀಕ್ಷೆಗಾಗಿ ತಪ್ಪಿಸಬೇಡಿ. ಬೆವತು, ಮಂಕಾಗಿ ಕೂತರೆ ಗದರಿಸುವ ಮೊದಲು ಸಕ್ಕರೆ ನೋಡಿ. ರಂಝಾನಿನಲ್ಲಿ ಮಕ್ಕಳು ಉಪವಾಸ ಹಿಡಿದರೆ ನಮಗೆಲ್ಲ ಹೆಮ್ಮೆ. ಆದರೆ ಕಾಯಿಲೆಯವರಿಗೆ ನಮ್ಮ ದೀನ್ ಸ್ವತಃ ವಿನಾಯಿತಿ ಕೊಟ್ಟಿದೆ. ಅಲ್ಲಾಹನು ಕೊಟ್ಟ ವಿನಾಯಿತಿಯನ್ನು ನೆರೆಹೊರೆಯವರ ಮಾತಿಗಾಗಿ ನಿರಾಕರಿಸುವುದು ಬೇಡ. ನಮ್ಮ ಹುಡುಗಿ ಇಫ್ತಾರಿಗೆ ಖರ್ಜೂರ ಹಂಚುವ ಕೆಲಸ ಮಾಡುತ್ತಾಳೆ. ಅದೂ ಪುಣ್ಯದ ಕೆಲಸವೇ.

ದಾನಿಗಳೇ, ನಿಮ್ಮ ಹಣ ಎಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂದು ನೀವು ಪ್ರತಿ ವರ್ಷ ಕೇಳುತ್ತೀರಿ. ನಾವು ಕಂಡದ್ದನ್ನು ಹೇಳುತ್ತೇವೆ. ನಮ್ಮ ಮನೆಯವರನ್ನು ಸೋಲಿಸಿದ್ದು ಶಸ್ತ್ರಚಿಕಿತ್ಸೆಯ ಖರ್ಚಲ್ಲ. ತಿಂಗಳು ತಿಂಗಳು ಬೇಕಾದ ಪರೀಕ್ಷಾ ಪಟ್ಟಿಗಳು, ಪಟ್ಟಣಕ್ಕೆ ಹೋಗಿಬರುವ ಬಸ್ ಚಾರ್ಜು, ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕಳೆದ ದಿನಗಳು, ಒಂದು ಸಲ ಮಾಡಿಸಬೇಕಾದ ವಂಶವಾಹಿ ಪರೀಕ್ಷೆ, ಇವು ಸೋಲಿಸಿದವು. ಆಗ ಸಂಬಂಧಿಕರೊಬ್ಬರು ಕೊಟ್ಟ ಝಕಾತಿನ ಹಣದಲ್ಲಿ ಆ ಪರೀಕ್ಷೆ ಆಯಿತು. ಆ ಪರೀಕ್ಷೆಯ ಕಾಗದವೇ ತಮ್ಮನ ಬುದ್ಧಿಯನ್ನು ಉಳಿಸಿತು. ಕೊಟ್ಟವರಿಗೆ ಆ ದಿನ ಅದು ಗೊತ್ತಿರಲಿಲ್ಲ. ಟ್ರಸ್ಟು ಮುಂದಿನ ವರ್ಷದ ಯೋಜನೆ ಮಾಡುವಾಗ ಇಂಥ ಸಣ್ಣ, ಸಕಾಲದ ಸಹಾಯಕ್ಕೂ ಒಂದು ಪಾಲು ಇಡಲಿ, ನಮ್ಮ ಊರಿನ ಹೆರಿಗೆ ಕೋಣೆಗೆ ಗ್ಲೂಕೋಮೀಟರು ಹಾಗೂ ಪಟ್ಟಿಗಳ ಕೊರತೆ ಆಗದಂತೆ ನೋಡಿಕೊಳ್ಳಲಿ ಎಂಬುದು ನಮ್ಮ ಕೋರಿಕೆ.

ವಿದ್ಯಾರ್ಥಿಗಳೇ, ನಿಮ್ಮ ಅರ್ಜಿಗಳಲ್ಲಿ ಇಂಜಿನಿಯರಿಂಗ್, ಎಂಬಿಬಿಎಸ್ ಎಂದು ಬರೆದಿದ್ದೀರಿ, ಸಂತೋಷ. ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನ, ಫಾರ್ಮಸಿ, ತಳಿವಿಜ್ಞಾನ ಎಂದು ಬರೆದವರು ತಲೆ ತಗ್ಗಿಸಬೇಡಿ. ಆ ಯುವ ವೈದ್ಯೆಯ ಕೈಗೆ ಗ್ಲೂಕೋಮೀಟರು ತಂದುಕೊಟ್ಟವರು ಒಬ್ಬ ನರ್ಸ್. ರಾತ್ರಿ ಎರಡು ಗಂಟೆಗೆ ಆ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಕೆಡದಂತೆ ಕಾದವರು ಒಬ್ಬ ಪ್ರಯೋಗಾಲಯದ ಹುಡುಗ. ಅವರ ಹೆಸರು ನಮಗೆ ಇಂದಿಗೂ ತಿಳಿಯದು. ಅವರ ಹೆಸರು ಹಿಡಿಯದೆಯೇ ನಾವು ಪ್ರತಿ ನಮಾಝಿನ ನಂತರ ಅವರಿಗಾಗಿ ದುಆ ಮಾಡುತ್ತೇವೆ.

ಕಳೆದ ವಾರ ನಮ್ಮ ಬೀದಿಯಲ್ಲಿ ಒಂದು ಹೆರಿಗೆಯಾಯಿತು. ನೋಡಲು ಹೋದಾಗ ಅಜ್ಜಿ ಹೆಮ್ಮೆಯಿಂದ ‘ಮಗು ಅಳುವುದೇ ಇಲ್ಲ’ ಎಂದರು. ನಾವು ನಗಲಿಲ್ಲ. ಹತ್ತಿರ ಕೂತು ‘ಹಾಲು ಚೆನ್ನಾಗಿ ಕುಡಿಯುತ್ತದೆಯೇ, ತಾನಾಗಿ ಏಳುತ್ತದೆಯೇ, ಸಕ್ಕರೆ ನೋಡಿದ್ದಾರೆಯೇ’ ಎಂದು ಕೇಳಿದೆವು. ಮಗು ಚೆನ್ನಾಗಿಯೇ ಇತ್ತು, ಅಲ್‌ಹಮ್ದುಲಿಲ್ಲಾಹ್. ಹದಿಮೂರು ವರ್ಷ ತಡವಾಗಿ ನಾವು ಕೇಳಲು ಕಲಿತೆವು. ನೀವು ಇಂದೇ ಕಲಿತು ಹೋಗಿ.

 ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ನಿಮ್ಮ ಮಕ್ಕಳನ್ನು ಕಾಪಾಡಲಿ.